ಘನ ಮೀಟರಿಗೆ 5 ಮಿಲಿಗ್ರಾಂ: ಎಣ್ಣೆ ಮಂಜಿನ ಮಿತಿ ಎಲ್ಲಿಂದ ಬಂತು, ಎಷ್ಟಕ್ಕೆ ಇಳಿಯಬೇಕು

ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡಿಯುವ ಸಿಎನ್‌ಸಿ ಯಂತ್ರದ ಸೈಕಲ್ ಮುಗಿದು ಬಾಗಿಲು ಸರಿಯುವ ಹೊತ್ತಿಗೆ ಶೆಡ್ಡಿನ ದೀಪ ಆರಿಸಿ. ಇನ್ನೊಬ್ಬರ ಕೈಗೆ ಬಲವಾದ ಟಾರ್ಚ್ ಕೊಟ್ಟು, ಬಾಗಿಲಿನ ಆಚೆ ಬದಿಯಿಂದ ನಿಮ್ಮ ಕಡೆಗೆ ಓರೆಯಾಗಿ ಬೆಳಕು ಬಿಡಲು ಹೇಳಿ. ಟಾರ್ಚಿನ ಬಲ್ಬು ನೇರ ಕಣ್ಣಿಗೆ ಕುಕ್ಕದಂತೆ ಒಂದು ರಟ್ಟು ಅಡ್ಡ ಹಿಡಿದು ನೋಡಿ. ಅಲ್ಲಿಯವರೆಗೆ ಏನೂ ಕಾಣದ ಜಾಗದಲ್ಲಿ ಹಾಲಿನಂಥ ಮೋಡವೊಂದು ಸುಳಿಯುತ್ತ ಹೊರಬರುತ್ತದೆ. ಅದು ಹೊಗೆಯಲ್ಲ. ಬಹುಪಾಲು ಹತ್ತು ಮೈಕ್ರಾನಿಗಿಂತ ಸಣ್ಣದಾದ ಎಣ್ಣೆಯ, ಕೂಲೆಂಟಿನ (ಲೋಹ ಕಡಿಯುವಾಗ ತಂಪು ಮಾಡಲು ಸುರಿಯುವ ದ್ರವದ) ಹನಿಗಳು. ಆಪರೇಟರ್ ಜಾಬ್, ಅಂದರೆ ಕಡಿದು ಮುಗಿದ ಲೋಹದ ಭಾಗ, ತೆಗೆಯಲು ತಲೆ ಒಳಗೆ ಹಾಕುವುದೂ ಅದೇ ಗಳಿಗೆಯಲ್ಲಿ.

ಶಾಪ್‌ನಲ್ಲಿ ಆಯಿಲ್ ಮಿಸ್ಟ್ ಎಂದು ಕರೆಯುವ ಈ ಎಣ್ಣೆ ಮಂಜಿಗೆ ಕಾನೂನಿನ ಮಿತಿ ಇದೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ನಮ್ಮ 1948ರ ಕಾರ್ಖಾನೆ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿ ಖನಿಜ ಎಣ್ಣೆಯ ಮಂಜಿಗೆ ಎರಡು ಅಂಕಿ ಕೊಟ್ಟಿತು. ಎಂಟು ಗಂಟೆಯ ಸರಾಸರಿ ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ ಮೀರಬಾರದು. ಹದಿನೈದು ನಿಮಿಷದ ಸರಾಸರಿ 10 ಮೀರಬಾರದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಎಂಟು ಗಂಟೆಯ ಮಿತಿಯೂ 5. ಎಷ್ಟೋ ದೇಶಗಳ ಪಟ್ಟಿಯಲ್ಲಿ ಇದೇ ಅಂಕಿ ಕಾಣುವುದರಿಂದ, ಪರೀಕ್ಷಾ ವರದಿಯಲ್ಲಿ 1.8 ಎಂದು ಬಂದರೆ ಮ್ಯಾನೇಜರ್ ನಿರಾಳವಾಗಿ ಫೈಲು ಮುಚ್ಚುತ್ತಾರೆ. ಹಾಗೆ ಮುಚ್ಚಬಾರದು. ಕಾರಣ ಆ ಅಂಕಿ ಹುಟ್ಟಿದ ಬಗೆಯಲ್ಲೇ ಇದೆ.

5 ಮಿಲಿಗ್ರಾಂ ಎಂದರೆ ಎಷ್ಟು ಎಂಬುದನ್ನು ಮೊದಲು ಅಂದಾಜಿಗೆ ತಂದುಕೊಳ್ಳೋಣ. ಮೈಬಗ್ಗಿಸಿ ದುಡಿಯುವವರು ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾರೆ ಎಂಬುದು ಈ ಲೆಕ್ಕಗಳಲ್ಲೆಲ್ಲ ಬಳಸುವ ಅಂಕಿ. ಹತ್ತು ಘನ ಮೀಟರಿಗೆ 50 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ತೊಟ್ಟು ಎಣ್ಣೆ. ದಿನಕ್ಕೊಂದು ತೊಟ್ಟು ಮೂಗಿನ ದಾರಿಯಲ್ಲಿ ಒಳಹೋಗುತ್ತದೆ. ವರ್ಷಕ್ಕೆ 250 ಪಾಳಿ ಎಂದರೆ 12.5 ಗ್ರಾಂ, ಮೂವತ್ತು ವರ್ಷದ ದುಡಿಮೆಗೆ 375 ಗ್ರಾಂ. ಒಂದಷ್ಟು ಉಸಿರಿನೊಂದಿಗೆ ಹೊರಬೀಳುತ್ತದೆ, ಒಂದಷ್ಟು ಕಫದೊಂದಿಗೆ ಗಂಟಲಿಗೆ ಬಂದು ಹೊಟ್ಟೆ ಸೇರುತ್ತದೆ. ಉಳಿದದ್ದು ಶ್ವಾಸಕೋಶದಲ್ಲೇ ಕೂರುತ್ತದೆ.

ಓಶಾ 1971ರಲ್ಲಿ ತನ್ನ ಮಿತಿಗಳ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿ ಮಾಡಲಿಲ್ಲ. ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಘವಾದ ಎಸಿಜಿಐಎಚ್ 1968ರಲ್ಲಿ ಪ್ರಕಟಿಸಿದ್ದ ಪಟ್ಟಿಯನ್ನು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿತು. ಆ ಕಾಲದ ಪ್ರಾಣಿ ಪ್ರಯೋಗಗಳಲ್ಲಿ ಮುಖ್ಯವಾದದ್ದು 1964ರಲ್ಲಿ ಪ್ರಕಟವಾಯಿತು. ನಾಯಿ, ಮೊಲ, ಇಲಿಗಳನ್ನು ಬಿಳಿ ಖನಿಜ ಎಣ್ಣೆಯ ಮಂಜಿನಲ್ಲಿ ಘನ ಮೀಟರಿಗೆ 5 ಮತ್ತು 100 ಮಿಲಿಗ್ರಾಂ ಪ್ರಮಾಣದಲ್ಲಿ ದೀರ್ಘಕಾಲ ಇಟ್ಟು ನೋಡಿದರು. 5ರ ಮಟ್ಟದಲ್ಲಿ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಗಮನಿಸಬೇಕಾದದ್ದು ‘ಬಿಳಿ’ ಎಂಬ ಮಾತು. ಬಿಳಿ ಖನಿಜ ಎಣ್ಣೆ ಎಂದರೆ ಬಣ್ಣ, ವಾಸನೆ, ಗಂಧಕ, ಸುಗಂಧಚಕ್ರ ಸಂಯುಕ್ತಗಳೆಲ್ಲ ಹೋಗುವವರೆಗೆ ಶುದ್ಧ ಮಾಡಿದ ಎಣ್ಣೆ. ಮಕ್ಕಳ ಮೈಗೆ ಹಚ್ಚುವ ಬೇಬಿ ಆಯಿಲ್‌ನ ಜಾತಿಗೆ ಸೇರಿದ್ದು. ಪೀಣ್ಯದ ಲೇತ್ ಮೇಲೆ, ಬೆಳಗಾವಿಯ ಉದ್ಯಮಬಾಗದ ಮಿಲ್ಲಿಂಗ್ ಯಂತ್ರದೊಳಗೆ ಸುರಿಯುವುದು ಆ ಎಣ್ಣೆಯಲ್ಲ.

ಒಂದೇ ಹೆಸರಿನಡಿ ಎಷ್ಟು ಬೇರೆಬೇರೆ ವಸ್ತುಗಳಿವೆ ನೋಡಿ. ನೀರು ಬೆರೆಸದೆ ಬಳಸುವ ಕಟಿಂಗ್ ಆಯಿಲ್‌ನಲ್ಲಿ ಗಂಧಕದ, ಕ್ಲೋರಿನ್‌ನ ಸೇರ್ಪಡೆಗಳಿರುತ್ತವೆ. ನೂರು ಪಾಲು ನೀರಿಗೆ ಐದಾರು ಪಾಲು ಬೆರೆಸುವ ಕೂಲೆಂಟ್‌ನಲ್ಲಿ ಎಣ್ಣೆಯ ಜೊತೆ ಎಮಲ್ಸಿಫೈಯರ್, ಅಮೈನ್, ತುಕ್ಕು ತಡೆಯುವ ರಾಸಾಯನಿಕ, ಬ್ಯಾಕ್ಟೀರಿಯಾ ಕೊಲ್ಲುವ ಬಯೋಸೈಡ್ ಇರುತ್ತವೆ. ಕೆಲವು ಬಯೋಸೈಡ್‌ಗಳು ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಮೂಲಕವೇ ಕೆಲಸ ಮಾಡುತ್ತವೆ. ಪೂರ್ಣ ಸಿಂಥೆಟಿಕ್ ಕೂಲೆಂಟ್‌ನಲ್ಲಿ ಎಣ್ಣೆಯೇ ಇರುವುದಿಲ್ಲ, ಮಂಜು ಮಾತ್ರ ಇರುತ್ತದೆ. ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಕೆಂಪಗೆ ಕಾದ ಜಾಬನ್ನು ಎಣ್ಣೆಗೆ ಅದ್ದಿದಾಗ ಏಳುವುದು ಸುಟ್ಟ ಎಣ್ಣೆಯ ಆವಿ, ಅದು ತಣಿದು ಕಟ್ಟಿದ ಹನಿ, ಜೊತೆಗೆ ಮಸಿ. ಇವೆಲ್ಲಕ್ಕೂ ಒಂದೇ 5.

ಶುದ್ಧೀಕರಣದ ಮಟ್ಟ ಯಾಕೆ ಮುಖ್ಯ ಎಂಬುದಕ್ಕೆ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳೇ ಸಾಕ್ಷಿ. ನೂಲು ತೆಗೆಯುವ ಮ್ಯೂಲ್ ಯಂತ್ರದ ಕದಿರುಗಳಿಗೆ ಹಾಕಿದ ಎಣ್ಣೆ ಸಿಡಿದು ಕಾರ್ಮಿಕರ ಪ್ಯಾಂಟು ನೆನೆಯುತ್ತಿತ್ತು. ವೃಷಣಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರುತ್ತಿತ್ತು. 1922ರಲ್ಲಿ ಇದನ್ನು ವೈದ್ಯರು ಸ್ಪಷ್ಟವಾಗಿ ದಾಖಲಿಸಿದರು. ಸರಿಯಾಗಿ ಶುದ್ಧವಾಗದ ಎಣ್ಣೆಯಲ್ಲಿ ಉಳಿಯುವ ಬಹುಚಕ್ರ ಹೈಡ್ರೋಕಾರ್ಬನ್‌ಗಳು ಇದರ ಮೂಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶುದ್ಧೀಕರಿಸದ ಅಥವಾ ಅಲ್ಪ ಶುದ್ಧೀಕರಿಸಿದ ಖನಿಜ ಎಣ್ಣೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿನಲ್ಲಿಟ್ಟಿದೆ. ಚೆನ್ನಾಗಿ ಶುದ್ಧೀಕರಿಸಿದ್ದನ್ನು ಮೂರನೇ ಗುಂಪಿನಲ್ಲಿ, ಅಂದರೆ ವರ್ಗೀಕರಿಸಲಾಗದ್ದು ಎಂದು ಇಟ್ಟಿದೆ. ಎಸಿಜಿಐಎಚ್ ಈಗ ಕೊಡುವ 5 ಮಿಲಿಗ್ರಾಂ ಮಿತಿ ಶುದ್ಧ, ಹೆಚ್ಚು ಶುದ್ಧೀಕರಿಸಿದ ಎಣ್ಣೆಗೆ ಮಾತ್ರ, ಅದೂ ಲೋಹ ಕಡಿಯಲು ಬಳಸುವ ದ್ರವಗಳನ್ನು ಬಿಟ್ಟು. ಅಲ್ಪ ಶುದ್ಧೀಕರಿಸಿದ್ದಕ್ಕೆ ಅದು ಅಂಕಿಯನ್ನೇ ಕೊಡುವುದಿಲ್ಲ, ಸಾಧ್ಯವಾದಷ್ಟು ತಗ್ಗಿಸಿ ಎನ್ನುತ್ತದೆ. ಖರೀದಿ ವಿಭಾಗದವರು ಸರಬರಾಜುದಾರರನ್ನು ಕೇಳಬೇಕಾದ ಪ್ರಶ್ನೆ ಇದರಲ್ಲೇ ಇದೆ: ಮೂಲ ಎಣ್ಣೆಯಲ್ಲಿ ಬಹುಚಕ್ರ ಸಂಯುಕ್ತಗಳ ಪಾಲು ತಿಳಿಸುವ ಐಪಿ 346 ಪರೀಕ್ಷೆಯ ಫಲಿತಾಂಶ ಎಷ್ಟು? ಶೇ 3ಕ್ಕಿಂತ ಕಡಿಮೆ ಇದ್ದರೆ ಯೂರೋಪಿನಲ್ಲಿ ಆ ಎಣ್ಣೆಗೆ ಕ್ಯಾನ್ಸರ್‌ಕಾರಕವೆಂಬ ಚೀಟಿ ಹಚ್ಚಬೇಕಾಗಿಲ್ಲ. ಸುರಕ್ಷತಾ ಪತ್ರದಲ್ಲಿ ಈ ಅಂಕಿ ಇಲ್ಲದಿದ್ದರೆ ಬರಹದಲ್ಲಿ ತರಿಸಿಕೊಳ್ಳಿ.

ಮಿತಿ ಕಟ್ಟುವ ಲೆಕ್ಕ

ಹಾನಿ ಕಾಣದ ಅತಿ ಹೆಚ್ಚಿನ ಪ್ರಮಾಣವನ್ನು ಪ್ರಾಣಿ ಪ್ರಯೋಗದಿಂದಲೋ ಕಾರ್ಮಿಕರ ಅಧ್ಯಯನದಿಂದಲೋ ಹುಡುಕಿ, ಅದನ್ನು ದುಡಿಯುವ ಮನುಷ್ಯನಿಗೆ ಹೊಂದಿಸಿ, ನಮಗೆ ಗೊತ್ತಿಲ್ಲದ್ದಕ್ಕೆ ಭಾಗಿಸುತ್ತ ಹೋಗುವುದು ಇದರ ಕ್ರಮ. ಲೆಕ್ಕ ತೋರಿಸಲು ಮಾತ್ರ ಒಂದು ಕಲ್ಪಿತ ಅಂಕಿ ಇಟ್ಟುಕೊಳ್ಳೋಣ. ಇಲಿಗಳಿಗೆ ದಿನಕ್ಕೆ ಆರು ಗಂಟೆ 50 ಮಿಲಿಗ್ರಾಂ ಕೊಟ್ಟಾಗ ಹಾನಿ ಕಾಣಲಿಲ್ಲ ಎನ್ನಿ. ಕಾರ್ಮಿಕರದು ಎಂಟು ಗಂಟೆ. 50ನ್ನು 6/8ರಿಂದ ಗುಣಿಸಿದರೆ 37.5. ದುಡಿಯುವವರು ಪಾಳಿಯಲ್ಲಿ 10 ಘನ ಮೀಟರ್ ಗಾಳಿ ಎಳೆದರೆ, ಸುಮ್ಮನೆ ಕೂತವರು ಎಳೆಯುವುದು 6.7, ಅದಕ್ಕೆ ಹೊಂದಿಸಿದರೆ 25. ಇಲ್ಲಿಂದ ಮುಂದೆ ತೀರ್ಪಿನ ಕೆಲಸ. ಇಲಿಗೂ ಮನುಷ್ಯನಿಗೂ ಇರುವ ಅಂತರಕ್ಕೆ 3, ಕಾರ್ಮಿಕರ ನಡುವಿನ ಅಂತರಕ್ಕೆ 5, ಮೂರು ತಿಂಗಳ ಪ್ರಯೋಗದಿಂದ ಮೂವತ್ತು ವರ್ಷದ ದುಡಿಮೆಗೆ ಹಾರುವುದಕ್ಕೆ 2. ಒಟ್ಟು 30ರಿಂದ ಭಾಗಿಸಿದರೆ ಮಿತಿ 0.83. ಇನ್ನೊಂದು ಸಮಿತಿ ಒಟ್ಟು 10 ಸಾಕು ಎಂದರೆ 2.5. ಪ್ರಯೋಗ ಒಂದೇ, ಇಲಿ ಒಂದೇ, ಮಿತಿ ಮೂರು ಪಟ್ಟು ಬೇರೆ. ದೇಶದೇಶಗಳ ಅಂಕಿಗಳು ಹೊಂದದಿರಲು ಇದೊಂದು ಕಾರಣ.

ಇನ್ನೊಂದು ಕಾರಣ, ಮಿತಿ ಯಾರ ಪರವಾಗಿ ಬರೆದದ್ದು ಎಂಬುದು. ಎಸಿಜಿಐಎಚ್ ಆರೋಗ್ಯವನ್ನು ಮಾತ್ರ ನೋಡುತ್ತದೆ. ಓಶಾ ಕಾರ್ಖಾನೆಗೆ ಅದು ತಾಂತ್ರಿಕವಾಗಿ, ಹಣಕಾಸಿನ ದೃಷ್ಟಿಯಿಂದ ಸಾಧ್ಯವೇ ಎಂಬುದನ್ನೂ ತೋರಿಸಬೇಕು. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳು ಎಣ್ಣೆ ಮಂಜಿಗೆ 1 ಮಿಲಿಗ್ರಾಂ ಮಿತಿ ಇಟ್ಟು ನಡೆದದ್ದು ಸಾಧ್ಯತೆಯ ಪ್ರಶ್ನೆಗೆ ಒಳ್ಳೆಯ ಉತ್ತರ.

ಕಾರ್ಮಿಕರ ಶ್ವಾಸಕೋಶದಿಂದಲೇ ಬಂದ ಸಾಕ್ಷ್ಯ ಇನ್ನೂ ಕೆಳಗೆ ಎಳೆಯುತ್ತದೆ. ಅಮೆರಿಕದ ಮಿಶಿಗನ್‌ನಲ್ಲಿ ಜನರಲ್ ಮೋಟಾರ್ಸ್‌ನ ಮೂರು ಕಾರ್ಖಾನೆಗಳ 46 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ನೀರು ಬೆರೆಸದ ಕಟಿಂಗ್ ಆಯಿಲ್‌ಗೂ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೂ ನಂಟು ಕಂಡಿದೆ. ವಾಹನ ಬಿಡಿಭಾಗಗಳ ಯಂತ್ರ ಕಾರ್ಮಿಕರ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಳಿಯ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಊದಿಸಿ, ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಅಳೆದರು. 1 ಮಿಲಿಗ್ರಾಂಗಿಂತ ಕಡಿಮೆ ಮಂಜಿನಲ್ಲೂ ಸಂಜೆಯ ಊದು ಬೆಳಗಿನದಕ್ಕಿಂತ ಕುಗ್ಗುತ್ತಿತ್ತು. ಇಂಥ ಅಧ್ಯಯನಗಳನ್ನೆಲ್ಲ ಇಟ್ಟುಕೊಂಡು ಅಮೆರಿಕದ ಸಂಶೋಧನಾ ಸಂಸ್ಥೆ ನಯಾಶ್ 1998ರಲ್ಲಿ ಲೋಹ ಕಡಿಯುವ ದ್ರವಗಳಿಗೆ ಹೊಸ ಶಿಫಾರಸು ಕೊಟ್ಟಿತು: ಗಂಟಲು ದಾಟಿ ಎದೆಗೂಡಿಗೆ ಇಳಿಯಬಲ್ಲ ಹನಿಗಳು 0.4 ಮಿಲಿಗ್ರಾಂ, ಅಥವಾ ಒಟ್ಟು ಕಣಗಳಾಗಿ ಅಳೆದರೆ 0.5. ಕಾನೂನಿನ ಮಿತಿಯ ಹತ್ತರಲ್ಲೊಂದು ಭಾಗ. ವಾಹನ ಕಾರ್ಮಿಕರ ಸಂಘ 1993ರಲ್ಲೇ ಓಶಾಗೆ ಅರ್ಜಿ ಹಾಕಿತ್ತು. ಓಶಾ ನೇಮಿಸಿದ ಸಲಹಾ ಸಮಿತಿಯೂ 0.5 ಎಂದೇ ಹೇಳಿತು. ಆದರೂ 2003ರಲ್ಲಿ ಸಂಸ್ಥೆ ನಿಯಮ ಮಾಡಲು ಒಪ್ಪಲಿಲ್ಲ, 2004ರಲ್ಲಿ ನ್ಯಾಯಾಲಯ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಹಾಗಾಗಿ 5 ಇಂದಿಗೂ ಉಳಿದಿರುವುದಕ್ಕೆ ಕಾರಣ ಅದು ಸುರಕ್ಷಿತವೆಂದು ರುಜುವಾತಾಗಿದೆ ಎಂಬುದಲ್ಲ.

ಲಾಂಗ್‌ಬ್ರಿಜ್‌ನಲ್ಲಿ ಆದದ್ದು

ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಜ್‌ನಲ್ಲಿ ಕಾರಿನ ಎಂಜಿನ್ ತಯಾರಿಸುವ ಪವರ್‌ಟ್ರೇನ್ ಕಾರ್ಖಾನೆಯಲ್ಲಿ 2003–04ರ ಹೊತ್ತಿಗೆ ಕಾರ್ಮಿಕರು ಒಬ್ಬೊಬ್ಬರಾಗಿ ಉಬ್ಬಸ, ಜ್ವರ, ಏದುಸಿರಿನಿಂದ ಆಸ್ಪತ್ರೆ ಸೇರತೊಡಗಿದರು. ತನಿಖೆ ಮುಗಿಯುವಾಗ ಎಂಬತ್ತಕ್ಕೂ ಹೆಚ್ಚು ಮಂದಿಗೆ ಕೆಲಸದಿಂದ ಬಂದ ಶ್ವಾಸಕೋಶ ರೋಗವಿತ್ತು. ಬಹುಪಾಲು ಉಬ್ಬಸ, ಉಳಿದವರಲ್ಲಿ ಹೆಚ್ಚಿನವರಿಗೆ ಶ್ವಾಸಕೋಶದ ಅಲರ್ಜಿ ಉರಿಯೂತ. ಬ್ರಿಟನ್ನಿನಲ್ಲಿ ಆಗ ನೀರು ಬೆರೆಸಿದ ಕೂಲೆಂಟ್ ಮಂಜಿಗೆ ಮಾರ್ಗದರ್ಶಿ ಮಟ್ಟ 1 ಮಿಲಿಗ್ರಾಂ. ಕಾರ್ಖಾನೆಯ ಗಾಳಿ ಸಾಮಾನ್ಯವಾಗಿ ಅದರೊಳಗೇ ಇತ್ತು!

ತೂಕ ಕಡಿಮೆ ಇದ್ದರೂ ಹನಿಯೊಳಗೆ ಇದ್ದದ್ದು ಬೇರೆ. ಕೂಲೆಂಟ್ ಟ್ಯಾಂಕು ಬೆಚ್ಚಗಿನ, ಎಣ್ಣೆ ತೇಲುವ, ಗಾಳಿ ಆಡದ ನೀರು. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಡ. ಸತ್ತ ಬ್ಯಾಕ್ಟೀರಿಯಾದ ಕೋಶಗೋಡೆಯ ಚೂರೂ ಹನಿಯ ಜೊತೆ ಹಾರುತ್ತದೆ. ಬಯೋಸೈಡ್ ಸುರಿದು ಒಂದು ಜಾತಿಯನ್ನು ಕೊಂದರೆ, ಅದಕ್ಕೆ ಬಗ್ಗದ ಮೈಕೋಬ್ಯಾಕ್ಟೀರಿಯಾ ಜಾಗ ಹಿಡಿಯುತ್ತದೆ. ಶ್ವಾಸಕೋಶದ ಈ ಉರಿಯೂತದೊಂದಿಗೆ ಹಲವು ಕಾರ್ಖಾನೆಗಳಲ್ಲಿ ಅದರ ಹೆಸರು ಸೇರಿದೆ. ಫಿಲ್ಟರ್ ಕಾಗದದ ಮೇಲೆ ಕೂತ ತೂಕ ಇದ್ಯಾವುದನ್ನೂ ಹೇಳುವುದಿಲ್ಲ. ಬ್ರಿಟಿಷ್ ಸುರಕ್ಷತಾ ಇಲಾಖೆ ಆ 1 ಮಿಲಿಗ್ರಾಂ ಮಟ್ಟವನ್ನೇ ಹಿಂತೆಗೆದುಕೊಂಡಿತು. ನೀರು ಬೆರೆಸಿದ ದ್ರವಕ್ಕೆ ಗಾಳಿಯ ಅಂಕಿ ಒಂದೇ ಸಾಲದು, ಟ್ಯಾಂಕಿನ ಸ್ಥಿತಿ ಮತ್ತು ಕಾರ್ಮಿಕರ ಎದೆ ಎರಡನ್ನೂ ನೋಡಬೇಕು ಎಂಬುದು ನಮ್ಮ ದೃಢ ಅಭಿಪ್ರಾಯವೂ ಹೌದು.

ಅಳೆಯುವಾಗ ಎಲ್ಲಿ ತಪ್ಪುತ್ತದೆ

ಅಂಕಿಗೆ ಬೆಲೆ ಬರುವುದು ಅಳತೆ ಸರಿಯಿದ್ದಾಗ. ಶೆಡ್ಡಿನ ಮಧ್ಯೆ ಸ್ಟ್ಯಾಂಡ್ ಮೇಲಿಟ್ಟ ಉಪಕರಣ ಶೆಡ್ಡಿನ ಗಾಳಿ ಅಳೆಯುತ್ತದೆ, ಆಪರೇಟರ್ ಉಸಿರನ್ನಲ್ಲ. ಪಂಪು ಸೊಂಟದ ಬೆಲ್ಟಿಗೆ, ಫಿಲ್ಟರ್ ಡಬ್ಬಿ ಕಾಲರಿಗೆ. ಮೂಗಿನಿಂದ 30 ಸೆಂಟಿಮೀಟರ್ ಒಳಗಿರಬೇಕು. ನಿಮಿಷಕ್ಕೆ 2 ಲೀಟರ್ ವೇಗ. ಫಿಲ್ಟರ್ ಜೋಡಿಸಿಯೇ ಮೊದಲೊಮ್ಮೆ, ಕೊನೆಗೊಮ್ಮೆ ವೇಗ ಅಳೆಯಿರಿ. ಎರಡರ ನಡುವೆ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿ ಬಿಟ್ಟುಬಿಡಿ.

450 ನಿಮಿಷ ಓಡಿದರೆ 900 ಲೀಟರ್, ಅಂದರೆ 0.9 ಘನ ಮೀಟರ್. ಫಿಲ್ಟರ್ ತೂಕ 0.81 ಮಿಲಿಗ್ರಾಂ ಏರಿದೆ. ಗಾಳಿ ಎಳೆಯದೆ ಜೊತೆಗೆ ಕೊಂಡೊಯ್ದ ಖಾಲಿ ಫಿಲ್ಟರ್ 0.03 ಏರಿದೆ, ಬರೀ ತೇವದಿಂದ. ಉಳಿದದ್ದು 0.78, ಭಾಗಿಸಿದರೆ 0.87. ಅರ್ಧ ಗಂಟೆ ಊಟಕ್ಕೆ ಹೊರಗಿದ್ದರೆ ಎಂಟು ಗಂಟೆಯ ಸರಾಸರಿ 0.81. ಪಕ್ಕದಲ್ಲಿ ಗ್ರೈಂಡಿಂಗ್ ನಡೆಯುತ್ತಿದ್ದರೆ ಇದರಲ್ಲಿ ಲೋಹದ ಪುಡಿಯೂ ಸೇರಿರುತ್ತದೆ, ಆದ್ದರಿಂದ ದ್ರಾವಕದಲ್ಲಿ ತೊಳೆದು ಎಣ್ಣೆಯ ಪಾಲನ್ನು ಬೇರೆ ಮಾಡಿಸಬೇಕು. ನಯಾಶ್‌ನ 5524 ವಿಧಾನ ಅದಕ್ಕೇ ಇರುವುದು. ಹಗುರವಾದ ಎಣ್ಣೆಯಲ್ಲಿ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಆಗುತ್ತದೆ: ಫಿಲ್ಟರಿನಲ್ಲಿ ಸಿಕ್ಕ ಹನಿ ಮೇಲಿಂದ ಎಳೆಯುವ ಗಾಳಿಗೆ ಆವಿಯಾಗಿ ಹೋಗಿ, ಗಾಳಿ ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಮಾದರಿಗಳನ್ನು ಸಂಜೆವರೆಗೆ ಇಟ್ಟರೂ ಇದೇ ಪಾಡು.

ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದೂ ತಿಳಿದಿರಲಿ. ಆಪರೇಟರ್ ಆರು ಗಂಟೆ 0.4ರಲ್ಲಿ, ಎಲ್ಲ ಸೇರಿ ಒಂದು ಗಂಟೆ ಬಾಗಿಲೊಳಗೆ ಬಗ್ಗಿ ಏರ್ ಗನ್ ಹಿಡಿದು 3.2ರಲ್ಲಿ, ಒಂದು ಗಂಟೆ ಹೊರಗೆ ಇದ್ದಾರೆ. ಸರಾಸರಿ 0.7. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಗಂಟೆಯದೇ. ಹಣ ಎಲ್ಲಿ ಹಾಕಬೇಕು ಎಂಬುದು ಇಂಥ ಬಿಡಿ ಲೆಕ್ಕದಿಂದ ಗೊತ್ತಾಗುತ್ತದೆ, ವರದಿಯ ಕೊನೆಯ ಅಂಕಿಯಿಂದಲ್ಲ.

ಒಂದು ದಿನದ ಒಂದು ಮಾದರಿ ಮಿತಿಯ ಒಳಗಿದೆ ಎಂದರೆ ವರ್ಷವಿಡೀ ಒಳಗಿದೆ ಎಂದಲ್ಲ. ಅದೇ ಯಂತ್ರ, ಅದೇ ಮನುಷ್ಯ, ಎರಡು ದಿನಕ್ಕೆ ಎರಡು ಮೂರು ಪಟ್ಟು ವ್ಯತ್ಯಾಸ ಸಹಜ. ಯೂರೋಪಿನ ಇಎನ್ 689 ಮಾನದಂಡ ಇದಕ್ಕೆ ಒಳ್ಳೆಯ ಸೂತ್ರ ಕೊಡುತ್ತದೆ. ಮೂರೇ ಮಾದರಿ ತೆಗೆದರೆ ಮೂರೂ ಮಿತಿಯ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಇರಬೇಕು. ನಾಲ್ಕಾದರೆ ಶೇ 15, ಐದಾದರೆ ಶೇ 20. ಅದನ್ನು ಮೀರಿದರೆ ಕನಿಷ್ಠ ಆರು ಮಾದರಿ ತೆಗೆದು ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಬೇಕು.

ಪಾಳಿ ಉದ್ದವಾದರೆ ಮಿತಿ ಗಿಡ್ಡವಾಗಬೇಕು. ಅಂಕಿಗಳೆಲ್ಲ ದಿನಕ್ಕೆ ಎಂಟು ಗಂಟೆ, ವಾರಕ್ಕೆ 40 ಗಂಟೆಗೆ ಕಟ್ಟಿದವು. ನಮ್ಮಲ್ಲಿ ವಾರಕ್ಕೆ 48. ಬ್ರೀಫ್–ಸ್ಕಾಲಾ ಸೂತ್ರದಲ್ಲಿ 40ನ್ನು 48ರಿಂದ ಭಾಗಿಸಿ, ವಾರದ ಉಳಿದ 120 ಬಿಡುವಿನ ಗಂಟೆಯನ್ನು 128ರಿಂದ ಭಾಗಿಸಿ ಗುಣಿಸಿದರೆ 0.78. ಅಂದರೆ 0.5ರ ಗುರಿ 0.39ಕ್ಕೆ ಇಳಿಯುತ್ತದೆ. ಕರ್ನಾಟಕ 2023ರ ತಿದ್ದುಪಡಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆಯವರೆಗಿನ ಪಾಳಿಗೆ ಅವಕಾಶ ಕೊಟ್ಟಿತು. ಹನ್ನೆರಡು ಗಂಟೆಗೆ ಸೂತ್ರ 8/12 ಗುಣಿಸು 12/16, ಅಂದರೆ ಸರಿಯಾಗಿ ಅರ್ಧ: 0.25. ಸಮುದ್ರದ ತೈಲಬಾವಿಗಳಲ್ಲಿ ಹನ್ನೆರಡು ಗಂಟೆ ದುಡಿಯುವವರಿಗೆ ನಾರ್ವೆ ತನ್ನ 1 ಮಿಲಿಗ್ರಾಂ ಮಿತಿಯನ್ನು 0.6ಕ್ಕೆ ಇಳಿಸಿಕೊಂಡದ್ದೂ ಇದೇ ತರ್ಕದಿಂದ.

ಶೆಡ್ಡಿನೊಳಗೆ ಮಾಡಬೇಕಾದದ್ದು

ನಮ್ಮ ಸಲಹೆ, ಕಾನೂನಿನ 5ನ್ನು ಪಕ್ಕಕ್ಕಿಟ್ಟು 0.5ನ್ನು ಗೋಡೆಯ ಮೇಲೆ ಬರೆಯಿರಿ. ಅಲ್ಲಿಗೆ ಇಳಿಯಲು ಮೊದಲು ಕೈಹಾಕಬೇಕಾದದ್ದು ಬಾಗಿಲಿಗೆ. ಸ್ಪಿಂಡಲ್ ನಿಂತ ಮೇಲೆ ಟಾರ್ಚಿನ ಬೆಳಕಿನಲ್ಲಿ ಒಳಗಿನ ಮೋಡ ಕರಗಲು ಎಷ್ಟು ಸೆಕೆಂಡು ಬೇಕು ಎಂದು ಕಿಟಕಿಯಿಂದ ನೋಡಿ ಎಣಿಸಿ, ಅಷ್ಟು ಹೊತ್ತು ಬಾಗಿಲು ತೆರೆಯದಂತೆ ಟೈಮರ್ ಹಾಕಿಸಿ. ತೊಂಬತ್ತು ಸೆಕೆಂಡು ಬೇಕಾಗುತ್ತಿದ್ದರೆ ಮಂಜನ್ನು ಎಳೆದು ಸೋಸುವ ಮಿಸ್ಟ್ ಕಲೆಕ್ಟರಿನ ಎಳೆತ ಸಾಲದು, ಅಥವಾ ಫಿಲ್ಟರ್ ಕಟ್ಟಿದೆ ಎಂದರ್ಥ. ಫಿಲ್ಟರಿನ ಒತ್ತಡದ ಗೇಜ್ ನೋಡಿ. ಉತ್ಪಾದನೆ ನಿಲ್ಲುತ್ತದೆ ಎಂದು ಟೈಮರನ್ನು ಬೈಪಾಸ್ ಮಾಡುವುದು ಎಲ್ಲ ಕಡೆ ನಡೆಯುವ ತಪ್ಪು. ಎಳೆತ ಹೆಚ್ಚಿಸಿದರೆ ಕಾಯುವ ಹೊತ್ತು ತಾನಾಗಿ ಇಳಿಯುತ್ತದೆ. ಕಲೆಕ್ಟರಿನ ಬಾಯಿ ಶೆಡ್ಡಿನೊಳಗೇ ತೆರೆದಿದ್ದರೆ ಹನಿ ಸಿಕ್ಕರೂ ಆವಿ ಮರಳಿ ಬರುತ್ತದೆ. ಪೈಪನ್ನು ಚಾವಣಿಯ ಹೊರಗೆ ಒಯ್ಯಿರಿ. ಸೆಖೆಗೆಂದು ಯಂತ್ರದ ಮುಂದಿಟ್ಟ ಪೆಡೆಸ್ಟಲ್ ಫ್ಯಾನ್ ಬಾಗಿಲಿನ ಮಂಜನ್ನು ಪಕ್ಕದ ಯಂತ್ರದವರ ಮುಖಕ್ಕೆ ಒಯ್ಯುತ್ತದೆ. ಅದನ್ನು ಆಪರೇಟರ್ ಬೆನ್ನ ಹಿಂದಿನಿಂದಲೂ ಯಂತ್ರದ ಕಡೆಗೆ ಬೀಸಬಾರದು, ಮಂಜು ಸುತ್ತಿ ಮೂಗಿಗೇ ಬರುತ್ತದೆ.

ಏರ್ ಗನ್ ಇನ್ನೊಂದು ದೊಡ್ಡ ಮೂಲ. ಜಾಬ್ ಮೇಲಿನ ಚಿಪ್ಸನ್ನು ಕೂಲೆಂಟ್ ಗನ್ನಿನಿಂದ ತೊಳೆಯಬಹುದು, ವ್ಯಾಕ್ಯೂಮ್‌ನಿಂದ ಎಳೆಯಬಹುದು. ಗಾಳಿಯೇ ಬೇಕೆಂದಿದ್ದರೆ ಬಾಗಿಲು ಮುಚ್ಚಿ ಒಳಗೇ ಬೀಸುವ ವ್ಯವಸ್ಥೆ ಮಾಡಿ, ಒತ್ತಡವನ್ನು 2 ಬಾರ್‌ಗೆ ಇಳಿಸಿ.

ಟ್ಯಾಂಕಿಗೆ ವಾರದ ದಿನಚರಿ ಬೇಕು. ರಿಫ್ರಾಕ್ಟೋಮೀಟರಿನ ಓದನ್ನು ಕೂಲೆಂಟಿನ ಗುಣಕದಿಂದ ಗುಣಿಸಿ ಸಾಂದ್ರತೆ ಬರೆಯಿರಿ. ತೆಳುವಾಗಿ ಓಡಿಸಿದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದಪ್ಪಗೆ ಓಡಿಸಿದರೆ ಚರ್ಮ ಒಡೆಯುತ್ತದೆ, ಮಂಜೂ ಹೆಚ್ಚುತ್ತದೆ. ಪಿಎಚ್ ಸಾಮಾನ್ಯವಾಗಿ 8.5ರಿಂದ 9.5, ಕೆಳಗೆ ಜಾರುತ್ತಿದ್ದರೆ ಒಳಗೆ ಏನೋ ಬೆಳೆಯುತ್ತಿದೆ. ಬ್ಯಾಕ್ಟೀರಿಯಾ ಎಣಿಸುವ ಪಟ್ಟಿಯಾದ ಡಿಪ್ ಸ್ಲೈಡನ್ನು ಅದ್ದಿ ಎರಡು ದಿನ ಬೆಚ್ಚಗಿಟ್ಟು ನೋಡಿ. ಬ್ಯಾಕ್ಟೀರಿಯಾದ ಎಣಿಕೆ ಮಿಲಿಲೀಟರಿಗೆ ಹತ್ತು ಲಕ್ಷ ದಾಟಿದ್ದರೆ ಬಯೋಸೈಡ್ ಸುರಿಯುವ ಹೊತ್ತು ಮೀರಿದೆ, ಟ್ಯಾಂಕ್ ಖಾಲಿ ಮಾಡಿ ಉಜ್ಜಬೇಕು. ಗೋಡೆಗೆ ಅಂಟಿದ ಲೋಳೆ ತೆಗೆಯದೆ ಹೊಸ ಕೂಲೆಂಟ್ ತುಂಬಿದರೆ ಕೆಲವೇ ದಿನಗಳಲ್ಲಿ ಹಳೆಯ ಕಥೆ. ತೇಲುವ ಸ್ಲೈಡ್‌ವೇ ಆಯಿಲನ್ನು ಸ್ಕಿಮ್ಮರಿನಿಂದ ತೆಗೆಯುತ್ತಿರಬೇಕು. ಭಾನುವಾರ ಪಂಪು ನಿಂತಿದ್ದು ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಿಗದೆ ಬೆಳೆಯುವ ಜಾತಿ ಎದ್ದಿದೆ.

ಮಾಸ್ಕಿನ ಬಗ್ಗೆ ಒಂದು ಮಾತು, ಯಾಕೆಂದರೆ ಅದನ್ನೇ ಎಲ್ಲರೂ ಮೊದಲು ಕೊಡಿಸುತ್ತಾರೆ. ಎನ್95ರಲ್ಲಿರುವ ಎನ್ ಅಕ್ಷರದ ಅರ್ಥವೇ ಎಣ್ಣೆಗೆ ತಡೆಯುವುದಿಲ್ಲ ಎಂದು. ಎಣ್ಣೆ ಮಂಜಿಗೆ ಆರ್ ಅಥವಾ ಪಿ ದರ್ಜೆಯದು ಬೇಕು, ಅದೂ ಬಾಗಿಲು ಮತ್ತು ಎಳೆತದ ಕೆಲಸ ಮುಗಿಯುವವರೆಗಿನ ಏರ್ಪಾಡಾಗಿ.

ಕೊನೆಗೆ ಉಳಿಯುವುದು ಜನರನ್ನು ಕೇಳುವುದು. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ. ನಡುವೆ ಆರು ತಿಂಗಳಿಗೊಮ್ಮೆ ಮೂರೇ ಪ್ರಶ್ನೆ: ಕೆಮ್ಮು ಅಥವಾ ಎದೆಬಿಗಿತ ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಬಂದಾಗ ಮರಳುತ್ತದೆಯೇ? ಪಾಳಿ ಮುಗಿದ ಸಂಜೆ ಚಳಿಜ್ವರ, ಮೈಕೈ ನೋವು ಬರುತ್ತಿದೆಯೇ? ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು ಬರುತ್ತದೆಯೇ? ಒಬ್ಬರು ಹೌದು ಎಂದರೂ ಅವರನ್ನು ಔದ್ಯೋಗಿಕ ರೋಗ ತಿಳಿದ ವೈದ್ಯರಲ್ಲಿಗೆ ಕಳಿಸಿ, ಅವರು ನಿಲ್ಲುವ ಯಂತ್ರದ ಟ್ಯಾಂಕಿನಿಂದ ಅದೇ ದಿನ ಮಾದರಿ ತೆಗೆಯಿರಿ. ಆ ಪಾಳಿಯ ಗಾಳಿ ಅಳತೆ 0.3 ಎಂದು ತೋರಿಸುತ್ತಿದ್ದರೂ ಸರಿ.